ಕರಿಯ ಕೋಟು, ಖಾಕಿ ಅಂಗಿ

ಮೈಸೂರಿನ ದೇವರಾಜ ಮೊಹಲ್ಲಾದ ಲ್ಯಾನ್ಸ್‌ಡೌನ್ ಕಟ್ಟಡದಲ್ಲಿ ಹಳೆಯ ಪುಸ್ತಕಗಳನ್ನು ಅರಸಿದವರು ಆ ಅಂಗಡಿಗಳನ್ನು ಬೇಗನೆ ಮರೆಯಲಾರರು. 1892ರಲ್ಲಿ ಮೈಸೂರಿಗೆ ಬಂದ ವೈಸರಾಯ್ ಲ್ಯಾನ್ಸ್‌ಡೌನರ ಹೆಸರನ್ನು ಹೊತ್ತ ಈ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಅಸುನೀಗಿದರು. ಅದಕ್ಕೆ ಮೊದಲು ಎಷ್ಟು ಜನ ವಿದ್ಯಾರ್ಥಿಗಳು ಪಠ್ಯಪುಸ್ತಕಕ್ಕೆಂದು ಹೋಗಿ, ಪತ್ತೇದಾರಿ ಕಾದಂಬರಿಯನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಮನೆಗೆ ಮರಳಿದರೋ!

ಆ ಕಾಲದ ಓದುಗರಿಗೆ ಎರಡು ಬಗೆಯ ನಾಯಕರು ಪರಿಚಿತರು. ಒಬ್ಬನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಇನ್ನೊಬ್ಬನು ಅಮೆರಿಕದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ 1933ರಲ್ಲಿ ಸೃಷ್ಟಿಸಿದ ವಕೀಲ ಪೆರ್ರಿ ಮೇಸನ್. ಗಾರ್ಡ್ನರ್ ಸ್ವತಃ ಕ್ಯಾಲಿಫೋರ್ನಿಯಾದಲ್ಲಿ ವಕೀಲಿ ನಡೆಸಿದವರು. ದಿಕ್ಕಿಲ್ಲದ ಚೀನೀಯರ ಪರವಾಗಿ ವಾದಿಸಿದವರು. ಪತ್ತೇದಾರನು ಕಳ್ಳನನ್ನು ಹಿಡಿದರೆ ಕಥೆ ಬಹುಮಟ್ಟಿಗೆ ಮುಗಿಯುತ್ತದೆ. ವಕೀಲನ ಕಥೆ ಪೊಲೀಸರು ಯಾರನ್ನೋ ಹಿಡಿದ ಮೇಲೆ ಮೊದಲಾಗುತ್ತದೆ. ಪೊಲೀಸರು ತಪ್ಪಬಹುದು, ಆದರೆ ನ್ಯಾಯಾಧೀಶರ ಮುಂದೆ ಸತ್ಯಕ್ಕೆ ಬಾಯಿ ಬಂದೇ ಬರುವುದೆಂಬ ಭರವಸೆ ಮೇಸನ್ನನ ಬಂಡವಾಳ.

ಆದರೆ ಕಳ್ಳನನ್ನು ಒಪ್ಪಿಸಬೇಕಾದ ಕೈಯೇ ಕಳ್ಳನ ಕೈಯನ್ನು ಹಿಡಿದಿದ್ದರೆ? ಕನ್ನಡದಲ್ಲಿ ಈ ಪ್ರಶ್ನೆಯನ್ನು ದೊಡ್ಡ ಧ್ವನಿಯಲ್ಲಿ ಕೇಳಿದ್ದು ಎಚ್. ಕೆ. ಅನಂತರಾವ್ ಅವರ 'ಅಂತ'. 'ಸುಧಾ' ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯನ್ನು ಮೈಸೂರಿನವರೇ ಆದ ರಾಜೇಂದ್ರಸಿಂಗ್ ಬಾಬು 1981ರಲ್ಲಿ ಚಲನಚಿತ್ರವಾಗಿಸಿದರು. ಅವರ ತಂದೆ ಶಂಕರಸಿಂಗರ ಮಹಾತ್ಮ ಪಿಕ್ಚರ್ಸ್ ಇದೇ ಊರಿನ ಸಂಸ್ಥೆ. ಚಿತ್ರದಲ್ಲಿ ಅಂಬರೀಷ್ ಪ್ರಾಮಾಣಿಕ ಪೊಲೀಸ್ ಅಧಿಕಾರಿ. ತನ್ನನ್ನೇ ಹೋಲುವ ಪಾತಕಿಯ ವೇಷ ತೊಟ್ಟು ಆ ಕೂಟದೊಳಕ್ಕೆ ಹೋಗುತ್ತಾನೆ. ಅಲ್ಲಿ ಕಾಣುವುದೇನು? ಸಭೆಗಳಲ್ಲಿ ಹಾರ ಹಾಕಿಸಿಕೊಳ್ಳುವ ಗಣ್ಯರ ಮುಖಗಳು! ಸಿಕ್ಕಿಬಿದ್ದ ಮೇಲೆ ಅವನು ಅನುಭವಿಸುವ ಚಿತ್ರಹಿಂಸೆಯಾಗಲಿ, ಗರ್ಭಿಣಿ ಮಡದಿಯ ಕೊಲೆಯಾಗಲಿ ಮನೆಮಂದಿ ಒಟ್ಟಿಗೆ ಕುಳಿತು ನೋಡುವಂಥದಲ್ಲ. ಕ್ರೌರ್ಯ ಅತಿಯಾಯಿತೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೂ ಜನ ಮುಗಿಬಿದ್ದು ನೋಡಿದರು. ಅದೇ ವರ್ಷ ಹಿಂದಿಯಲ್ಲಿಯೂ 'ಮೇರಿ ಆವಾಜ್ ಸುನೋ' ಎಂಬ ಹೆಸರಿನಿಂದ ಬಂದಿತು.

ಇಂಥ ಕಥೆಯ ನಾಯಕನು ಖಾಕಿ ತೊಟ್ಟವನೇ ಏಕಾಗಬೇಕು, ಕರಿಯ ಕೋಟಿನವನೇಕಲ್ಲ? ವಕೀಲನಿಗೆ ಬಂದೂಕಿಲ್ಲ, ಲಾಠಿಯಿಲ್ಲ. ಅವನ ಕೈಯಲ್ಲಿರುವುದು ಅರ್ಜಿ, ವಕಾಲತ್ತು, ಸಾಕ್ಷಿ. ಸಾಕ್ಷಿಯನ್ನು ಸಂಗ್ರಹಿಸಬೇಕಾದವರು ಪೊಲೀಸರು. ಅವರೇ ಎದುರುಪಕ್ಷವಾದರೆ ಅವನು ನಿಲ್ಲುವುದಾದರೂ ಯಾವ ನೆಲದ ಮೇಲೆ? ರೋಮಾಂಚಕ ಕಥೆಗೆ ಅಂಥವನು ಒದಗುವನೇ ಎಂದು ಕಾದಂಬರಿಕಾರರು ಅನುಮಾನಿಸಿದ್ದರೆ ಆಶ್ಚರ್ಯವಿಲ್ಲ.

'ಅಂತ' ತೆರೆಕಂಡ ಆರು ವರ್ಷಕ್ಕೆ, 1987ರಲ್ಲಿ, ಅಂಥ ಕಥೆಯೇ ದಿನಪತ್ರಿಕೆಗಳ ಮೊದಲ ಪುಟಕ್ಕೆ ಬಂದಿತು. ಕಕ್ಷಿಗಾರನ ಕೆಲಸಕ್ಕಾಗಿ ಕೇರಳದಿಂದ ಬೆಂಗಳೂರಿಗೆ ಬಂದ ರಷೀದ್ ಎಂಬ ವಕೀಲರು ಇಲ್ಲಿ ಪೊಲೀಸರ ಬಂಧನಕ್ಕೊಳಗಾದರು. ಬಿಡುಗಡೆಯಾದ ಬಳಿಕ ಕಾಣೆಯಾದರು. ಅವರ ಶವ ದೊರೆತದ್ದು ತಮಿಳುನಾಡಿನ ಸೇಲಂ ಸೀಮೆಯ ರೈಲುಹಳಿಯ ಬಳಿ. ಎರಡೂ ರಾಜ್ಯಗಳ ವಕೀಲರು ಕೆರಳಿದರು. ಆರೋಪದ ಬೆರಳು ಪೊಲೀಸ್ ಅಧಿಕಾರಿಗಳನ್ನೂ ರಾಜ್ಯದ ಗೃಹಮಂತ್ರಿಗಳನ್ನೂ ತೋರಿಸಿತು. ಮಂತ್ರಿಗಳು ರಾಜೀನಾಮೆಯಿತ್ತರು, ತನಿಖೆ ಸಿ.ಬಿ.ಐ.ಗೆ ಹೋಯಿತು.

ಮೇಸನ್ನನ ಪುಸ್ತಕದಲ್ಲಾದರೆ ಕೊನೆಯ ಅಧ್ಯಾಯದಲ್ಲಿ ಕೊಲೆಗಾರನು ಕಟಕಟೆಯಲ್ಲೇ ಕುಸಿದು ಎಲ್ಲವನ್ನೂ ಒಪ್ಪಿಕೊಳ್ಳುತ್ತಿದ್ದನು. ರಷೀದ್ ಪ್ರಕರಣ ವರ್ಷಗಟ್ಟಲೆ ನಡೆಯಿತು. ಮಾಜಿ ಗೃಹಮಂತ್ರಿಗಳು ನಿರ್ದೋಷಿಯೆಂದು ಬಿಡುಗಡೆಯಾದರು.