ಸೆಕೆಂಡಿಗೊಂದು ಕ್ವಿಂಟಲ್

ಸಾವಿರ ಭತ್ತದ ಕಾಳು ಎಣಿಸಿ ತೂಗಿದರೆ ಸುಮಾರು 25 ಗ್ರಾಂ ಬರುತ್ತದೆ. ಸಣ್ಣ ತಳಿಯಾದರೆ ಇನ್ನೂ ಕಡಿಮೆ, ದಪ್ಪ ತಳಿಯಾದರೆ ತುಸು ಜಾಸ್ತಿ. ಲೆಕ್ಕಕ್ಕೆ 25 ಹಿಡಿಯೋಣ. ಹಾನಗಲ್ ತಾಲ್ಲೂಕಿನ ತಿಳವಳ್ಳಿಯಲ್ಲಿ ರಾಶಿ ಮುಗಿಸಿ ಒಂದು ಕ್ವಿಂಟಲ್ ಭತ್ತ ತೂಗಿ ಇಟ್ಟರೆ ಅದರಲ್ಲಿ 40 ಲಕ್ಷ ಕಾಳು ಇದ್ದಂತಾಯಿತು.

ಈಗ ಆ ರಾಶಿಯ ಪಕ್ಕ ನಿಂತ ರೈತನ ಮೈಯೊಳಗಿನ ಲೆಕ್ಕ. ಅವನ ದೇಹದಲ್ಲಿ ದಿನಕ್ಕೆ ಸುಮಾರು 33,000 ಕೋಟಿ ಜೀವಕೋಶಗಳು ಸಾಯುತ್ತವೆ, ಅಷ್ಟೇ ಹೊಸದಾಗಿ ಹುಟ್ಟುತ್ತವೆ. ಇದನ್ನು ದಿನದ 86,400 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 38 ಲಕ್ಷ. ಹೆಚ್ಚುಕಡಿಮೆ ಒಂದು ಕ್ವಿಂಟಲ್ ಭತ್ತದ ಕಾಳಿನಷ್ಟು, ಪ್ರತಿ ಸೆಕೆಂಡಿಗೆ. ಅವನು ಬೀಡಿ ಹಚ್ಚುವಷ್ಟರಲ್ಲಿ ನಾಲ್ಕೈದು ಕ್ವಿಂಟಲ್ ಹೋಗಿ ನಾಲ್ಕೈದು ಕ್ವಿಂಟಲ್ ಬಂದಿರುತ್ತದೆ. ಅವನಿಗೆ ಗೊತ್ತೇ ಆಗಿರುವುದಿಲ್ಲ.

ಒಟ್ಟು ದೇಹದ್ದು ಎಷ್ಟು ಎಂದು ಕೇಳಿದರೆ, ಸುಮಾರು 70 ಕಿಲೋ ತೂಗುವ ಗಂಡಸಿನಲ್ಲಿ 30 ಲಕ್ಷ ಕೋಟಿ ಜೀವಕೋಶ. ಕೋಶಕ್ಕೊಂದು ಕಾಳು ಎಂದು ಅಳೆದರೆ 75 ಲಕ್ಷ ಕ್ವಿಂಟಲ್ ಭತ್ತ. ಹತ್ತು ಟನ್ನಿನ ಲಾರಿಗೆ ಹೇರಿದರೆ 75,000 ಲಾರಿ. ಲಾರಿಗೆ ಹತ್ತು ಮೀಟರ್ ಜಾಗ ಕೊಟ್ಟು ತಿಳವಳ್ಳಿಯ ಶಾಂತೇಶ್ವರ ಗುಡಿಯ ಮುಂದಿನಿಂದ ಒಂದರ ಹಿಂದೊಂದು ನಿಲ್ಲಿಸುತ್ತ ಹೋದರೆ ಸಾಲು 750 ಕಿಲೋಮೀಟರ್. ಬೆಂಗಳೂರು ಇಲ್ಲಿಂದ ಮುನ್ನೂರೈವತ್ತರ ಆಸುಪಾಸು. ಸಾಲು ಬೆಂಗಳೂರು ಮುಟ್ಟಿ ತಿರುಗಿ ತಿಳವಳ್ಳಿಗೆ ಬಂದರೂ ಇನ್ನೂ ಕೆಲವು ಸಾವಿರ ಲಾರಿ ಉಳಿದಿರುತ್ತವೆ.

ಇವುಗಳಲ್ಲಿ 63,000 ಲಾರಿ ಬರೀ ಕೆಂಪು ರಕ್ತಕಣ. ಅವಕ್ಕೆ ಕೋಶಕೇಂದ್ರವಿಲ್ಲ, ಡಿಎನ್‌ಎ ಇಲ್ಲ, ಹಾಗಾಗಿ ಅವು ಕೆಟ್ಟು ಕ್ಯಾನ್ಸರ್ ಆಗುವ ಮಾತೇ ಇಲ್ಲ. ಇನ್ನೊಂದು ಮೂರೂವರೆ ಸಾವಿರ ಲಾರಿ ಪ್ಲೇಟ್‌ಲೆಟ್, ಅವೂ ಹಾಗೆಯೇ. ಉಳಿದ ಎಂಟೂವರೆ ಸಾವಿರದ ಚಿಲ್ಲರೆ ಲಾರಿಗಳಲ್ಲಿ ಮಾತ್ರ ಡಿಎನ್‌ಎ ಹೊತ್ತ ಕೋಶಗಳಿವೆ. ಅದರಲ್ಲಿ ರೋಗನಿರೋಧಕ ಕೋಶಗಳದ್ದೇ ನಾಲ್ಕೂವರೆ ಸಾವಿರ ಲಾರಿ! 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಒಬ್ಬ ಮನುಷ್ಯನಲ್ಲಿ 1.8 ಲಕ್ಷ ಕೋಟಿ ನಿರೋಧಕ ಕೋಶಗಳಿವೆ, ಒಟ್ಟು ತೂಕ 1.2 ಕಿಲೋ. ಡಿಎನ್‌ಎ ಇರುವ ಕೋಶಗಳಲ್ಲಿ ಅರ್ಧದಷ್ಟು ಕಾಯುವ ಕೆಲಸಕ್ಕೇ ಮೀಸಲು. ಇಷ್ಟು ಕಾವಲು ಯಾಕೆ ಬೇಕು?

ಯಾಕೆಂದರೆ ಇಂಥ ಪ್ರತಿ ಕೋಶದೊಳಗೂ 640 ಕೋಟಿ ಅಕ್ಷರಗಳ ಡಿಎನ್‌ಎ ಇದೆ, ಬಿಚ್ಚಿ ಎಳೆದರೆ ಎರಡು ಮೀಟರ್ ಉದ್ದ. ಕೋಶ ಒಂದು ಎರಡಾಗುವಾಗಲೆಲ್ಲ ಅಷ್ಟನ್ನೂ ಹೊಸದಾಗಿ ನಕಲು ಮಾಡಬೇಕು. ಕೋಶದೊಳಗೇ ತಿದ್ದುವ ವ್ಯವಸ್ಥೆ ಇದೆ, ಅದು ಎಷ್ಟು ಬಿಗಿ ಎಂದರೆ 640 ಕೋಟಿ ಅಕ್ಷರ ಬರೆದ ಮೇಲೆ ಉಳಿಯುವ ತಪ್ಪು ಒಂದರ ಸುತ್ತಮುತ್ತ. ನಮ್ಮ ಯಾವ ಕಚೇರಿಯ ಕಡತಕ್ಕೂ ಈ ಭಾಗ್ಯವಿಲ್ಲ. ಆದರೆ ಸೆಕೆಂಡಿಗೆ 38 ಲಕ್ಷ ಕೋಶ ಹುಟ್ಟುವಲ್ಲಿ ಕೋಶಕ್ಕೊಂದು ತಪ್ಪು ಎಂದರೂ ದಿನದ ಕೊನೆಗೆ ಸಾವಿರಾರು ಕೋಟಿ ತಪ್ಪುಗಳಾಗುತ್ತವೆ. ಬಹುಪಾಲು ತಪ್ಪು ನಿರುಪದ್ರವಿ. ಆಯಕಟ್ಟಿನ ಜಾಗದಲ್ಲಿ ನಾಲ್ಕೈದು ತಪ್ಪು ಒಂದೇ ಕೋಶದಲ್ಲಿ ಸೇರಿಕೊಂಡರೆ ಸಾಕು, ಕೆಲವು ಸಲ ಇನ್ನೂ ಕಡಿಮೆಯಾದರೂ ಸಾಕು, ಕ್ಯಾನ್ಸರ್‌ಗೆ ದಾರಿಯಾಗುತ್ತದೆ. ಈ ಗಣಿತ ನೋಡಿದ ಮೇಲೆ ಯಾರಿಗಾದರೂ ಕ್ಯಾನ್ಸರ್ ಬಂತಲ್ಲ ಎಂಬುದಕ್ಕಿಂತ, ಉಳಿದವರೆಲ್ಲ ಅರವತ್ತು ಎಪ್ಪತ್ತು ವರ್ಷ ಅದಿಲ್ಲದೆ ಹೇಗೆ ಬದುಕುತ್ತೇವೆ ಎಂಬುದೇ ನನಗೆ ದೊಡ್ಡ ಸೋಜಿಗ.

ಕಾವಲು ನಿಜವಾಗಿಯೂ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಸಾಕ್ಷಿ ಕಿಡ್ನಿ ಕಸಿ ಮಾಡಿಸಿಕೊಂಡವರು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಎಂದು ಅವರ ನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿರುತ್ತಾರೆ. ಅಂಥವರಲ್ಲಿ ಕ್ಯಾನ್ಸರ್ ಸಾಧ್ಯತೆ ಉಳಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು.

ಈ ಕಾವಲಿನ ಮುಂಚೂಣಿಯಲ್ಲಿರುವುದು ಟಿ ಕೋಶ. ಅಗಲ ಏಳೆಂಟು ಮೈಕ್ರಾನ್, ಮಿಲಿಮೀಟರಿನ ನೂರರಲ್ಲಿ ಒಂದು ಪಾಲೂ ಇಲ್ಲ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಇವು ಪಳಗುತ್ತವೆ. ಸ್ವಂತ ದೇಹವನ್ನೇ ಕಡಿಯಲು ಹೋಗುವವು, ಯಾವುದನ್ನೂ ಗುರುತಿಸಲಾರದವು ಎಲ್ಲ ಅಲ್ಲೇ ಸಾಯುತ್ತವೆ. ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಕೋಶಗಳು ಆ ಪರೀಕ್ಷೆಯಲ್ಲಿ ನಪಾಸು. ಪಾಸಾದವುಗಳಲ್ಲಿ ಕೋಟಿಗಟ್ಟಲೆ ಬಗೆ, ಒಂದೊಂದು ಬಗೆಗೂ ಬೇರೆ ಬೇರೆ ಗ್ರಾಹಕ. ಹಾಗಾಗಿ ನಿರ್ದಿಷ್ಟ ಒಂದು ಗುರುತನ್ನು ಹಿಡಿಯಬಲ್ಲ ಟಿ ಕೋಶ ಲಕ್ಷಕ್ಕೊಂದು, ಕೆಲವು ಸಲ ಹತ್ತು ಲಕ್ಷಕ್ಕೊಂದು. ಒಂದು ಕ್ವಿಂಟಲ್ ಭತ್ತದಲ್ಲಿ ನಾಲ್ಕು ಕಾಳು, ಬಹಳವೆಂದರೆ ನಲವತ್ತು. ಆ ನಾಲ್ಕು ಕಾಳು ಸರಿಯಾದ ಜಾಗಕ್ಕೆ ತಲುಪಬೇಕು. ತಲುಪಿದ ಮೇಲೆ ಟಿ ಕೋಶ ಎದುರಿನ ಕೋಶಕ್ಕೆ ಅಂಟಿಕೊಂಡು, ಅದರ ಪೊರೆಯಲ್ಲಿ ತೂತು ಕೊರೆಯುವ ಪರ್ಫೋರಿನ್ ಎಂಬ ಪ್ರೋಟೀನನ್ನೂ, ಆ ತೂತಿನಿಂದ ಒಳನುಗ್ಗಿ ಸಾಯಿಸುವ ಗ್ರಾನ್‌ಜೈಮ್ ಎಂಬುದನ್ನೂ ಸುರಿಯುತ್ತದೆ. ಆಮೇಲೆ ಬಿಡಿಸಿಕೊಂಡು ಮುಂದಿನದರತ್ತ ಹೋಗುತ್ತದೆ.

ಕ್ಯಾನ್ಸರ್ ಕೋಶ ಏನು ಕಡಿಮೆಯದಲ್ಲ. ಟಿ ಕೋಶಕ್ಕೆ ದೇಹವೇ ಇಟ್ಟಿರುವ ಬ್ರೇಕನ್ನು ಅದು ಒತ್ತಿ ಹಿಡಿಯುತ್ತದೆ. ಆ ಬ್ರೇಕನ್ನು ಬಿಡಿಸುವ ದಾರಿ ತೋರಿಸಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂದದ್ದು.

ಲಾರಿ ಸಾಲಿನ ಆ ತುದಿ, ಬೆಂಗಳೂರಿಗೆ ಹೋಗೋಣ. 1909ರಲ್ಲಿ ಶುರುವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನ್ನಪೂರ್ಣಿ ರಂಗರಾಜನ್ ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಅವರ ಒಂದು ಪ್ರಶ್ನೆ ಸರಳ. ಗಡ್ಡೆಯಿಂದ ಕಳಚಿಕೊಂಡು ರಕ್ತಕ್ಕೆ ಬಿದ್ದ ಕೋಶ ಸಾಯದೆ ಹೇಗೆ ಉಳಿಯುತ್ತದೆ? ಇದನ್ನು ನೋಡಲು ಮೃದುವಾದ ಕಾಂಟ್ಯಾಕ್ಟ್ ಲೆನ್ಸ್ ಮಾಡುವ ವಸ್ತುವನ್ನೇ ಪ್ಲಾಸ್ಟಿಕ್ ತಟ್ಟೆಯ ತಳಕ್ಕೆ ಬಳಿಯುತ್ತಾರೆ. ಅದರ ಮೇಲೆ ಕೋಶ ಕಾಲೂರಲಾರದು. ಗುಲಾಬಿ ಬಣ್ಣದ ಪೋಷಕ ದ್ರವದಲ್ಲಿ ಸುಮ್ಮನೆ ತೇಲುತ್ತಿರುತ್ತದೆ. ಆರೋಗ್ಯವಂತ ಕೋಶ ಹೀಗೆ ನೆಲೆ ತಪ್ಪಿದರೆ ತನ್ನಷ್ಟಕ್ಕೆ ತಾನೇ ಸಾಯುತ್ತದೆ. ದೇಹದ ಕಟ್ಟಳೆಯೇ ಹಾಗೆ. ಕ್ಯಾನ್ಸರ್ ಕೋಶ ಮಾತ್ರ ಎಎಂಪಿಕೆ ಎಂಬ ಕಿಣ್ವವನ್ನು ಚಾಲೂ ಮಾಡಿಕೊಳ್ಳುತ್ತದೆ. ಶಕ್ತಿಯ ಕೊರತೆ ಬಿದ್ದಾಗ ಖರ್ಚು ತಗ್ಗಿಸುವುದು ಆ ಕಿಣ್ವದ ಕೆಲಸ. ಬೆಳೆಯುವ ಆಸೆ ಬಿಟ್ಟು ಬರೀ ಉಳಿಯುವ ಹಟಕ್ಕೆ ಬೀಳುತ್ತದೆ ಆ ಕೋಶ. ಮತ್ತೆ ನೆಲ ಸಿಕ್ಕಿತೋ, ಈ ಸ್ವಿಚ್ಚು ಆರಿ, ಬೆಳೆಸುವ ಇನ್ನೊಂದು ಸ್ವಿಚ್ಚು ಹತ್ತಿಕೊಳ್ಳುತ್ತದೆ.

ಅಲ್ಲಿಯೂ ಸಂಖ್ಯೆಯದೇ ಆಟ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿದ್ದರೆ, ಕ್ಯಾನ್ಸರ್ ಹರಡುತ್ತಿರುವ ರೋಗಿಯಲ್ಲೂ ಕಳಚಿ ತೇಲುವ ಕ್ಯಾನ್ಸರ್ ಕೋಶ ಸಿಗುವುದು ಒಂದೋ ಎರಡೋ, ಹೆಚ್ಚೆಂದರೆ ಹತ್ತು. ಹನ್ನೆರಡು ಲಾರಿ ಭತ್ತದಲ್ಲಿ ಒಂದು ಕಾಳು. ಅವುಗಳಲ್ಲೂ ಇನ್ನೊಂದು ಅಂಗದಲ್ಲಿ ಬೇರು ಬಿಡುವವು ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ಕ್ಯಾನ್ಸರ್ ಸಾವುಗಳಿಗೆ ಮುಖ್ಯ ಕಾರಣ ಈ ಹರಡುವಿಕೆಯೇ.

ಚಿಕಿತ್ಸೆಯ ಲೆಕ್ಕವೂ ಇದೇ ಅಳತೆಯದು. ಕಾರ್-ಟಿ ಚಿಕಿತ್ಸೆಯಲ್ಲಿ ರೋಗಿಯದೇ ಟಿ ಕೋಶಗಳನ್ನು ತೆಗೆದು, ಕ್ಯಾನ್ಸರ್ ಗುರುತಿಸುವ ಹೊಸ ಗ್ರಾಹಕವನ್ನು ಅವಕ್ಕೆ ಕೂಡಿಸಿ, ಬೆಳೆಸಿ, ಮತ್ತೆ ರಕ್ತಕ್ಕೆ ಬಿಡುತ್ತಾರೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್ ತಂಡ 2011ರಲ್ಲಿ ಹೇಳಿದ ಅಂದಾಜಿನಂತೆ, ಹೀಗೆ ಬಿಟ್ಟ ಒಂದೊಂದು ಕೋಶದಿಂದ ಕನಿಷ್ಠ ಸಾವಿರ ಕ್ಯಾನ್ಸರ್ ಕೋಶಗಳು ಸತ್ತಿದ್ದವು. ಬಾಂಬೆ ಐಐಟಿ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಪ್ರಯೋಗದಲ್ಲಿದ್ದವರು 64 ರೋಗಿಗಳು, ಬೇರೆ ಚಿಕಿತ್ಸೆಗೆ ಬಗ್ಗದ ರಕ್ತ ಕ್ಯಾನ್ಸರ್ ಮತ್ತು ಲಿಂಫೋಮಾದವರು, ಫಲಿತಾಂಶ ಅಳೆಯಲಾದವರಲ್ಲಿ ಶೇ. 73 ಮಂದಿಗೆ ಗುಣ ಕಂಡಿತು. ಬೆಂಗಳೂರಿನ ಇಮ್ಯುನೀಲ್ ಕಂಪನಿಯ ಕಾರ್‌ಟೆಮಿ 2025ರ ಜನವರಿಯಲ್ಲಿ ಬಂತು. ಅಮೆರಿಕದಲ್ಲಿ 2017ರಲ್ಲಿ ಬಂದ ಮೊದಲ ಕಾರ್-ಟಿಯ ಬೆಲೆ 4,75,000 ಡಾಲರ್, ಅಂದಿನ ಲೆಕ್ಕದಲ್ಲಿ ಮೂರು ಕೋಟಿ ರೂಪಾಯಿ. ನೆಕ್ಸ್‌ಕಾರ್19 ಬಂದಾಗ 40 ಲಕ್ಷದ ಆಸುಪಾಸು ಇತ್ತು. ಅಗ್ಗ ಎಂದು ಪತ್ರಿಕೆಗಳು ಬರೆದವು. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,369 ರೂಪಾಯಿ ಹಿಡಿದರೆ ಅದು 1,690 ಕ್ವಿಂಟಲ್ ಭತ್ತ, ಎಕರೆಗೆ ಇಪ್ಪತ್ತು ಕ್ವಿಂಟಲ್‌ನಂತೆ 84 ಎಕರೆಯ ಒಂದು ಬೆಳೆ. ತಿಳವಳ್ಳಿಯಲ್ಲಿ ಯಾರೂ ಇದನ್ನು ಅಗ್ಗ ಅನ್ನುವುದಿಲ್ಲ.

ಕೊನೆಯ ಲೆಕ್ಕ ದುಬಾರಿಯದಲ್ಲ. ಕೆಟ್ಟ ಕೋಶ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಹತ್ತು ಸಲ ದುಪ್ಪಟ್ಟಾದರೆ ಸಾವಿರದ ಚಿಲ್ಲರೆ, ಅಂಗೈ ಮೇಲಿನ ಭತ್ತ. ಇಪ್ಪತ್ತು ಸಲಕ್ಕೆ ಕಾಲು ಕ್ವಿಂಟಲ್. ಮೂವತ್ತನೆಯ ಸಲಕ್ಕೆ 107 ಕೋಟಿ, ಮೂರು ಲಾರಿಗೆ ತುಸು ಕಡಿಮೆ. ದೇಹದಲ್ಲಿ ಅದು ಒಂದು ಸೆಂಟಿಮೀಟರಿನ ಗಂಟು. ಕೈಗೆ ಸಿಗುವುದು ಬಹಳ ಸಲ ಆಗಲೇ. ಇನ್ನು ಹತ್ತೇ ಸಲ ದುಪ್ಪಟ್ಟಾದರೆ 2,700 ಲಾರಿ, ಅಂದರೆ ಸುಮಾರು ಒಂದು ಕಿಲೋ ಗಡ್ಡೆ. ಅಷ್ಟನ್ನು ಹೊತ್ತು ಬದುಕುವುದು ಕಷ್ಟ. ನಮ್ಮ ಕಣ್ಣಿಗೆ ಶುರುವಾದಂತೆ ಕಾಣುವ ಹೊತ್ತಿಗೆ ಅದರ ನಲವತ್ತು ಮೆಟ್ಟಿಲಲ್ಲಿ ಮೂವತ್ತು ಮುಗಿದಿರುತ್ತವೆ.

2022ರಲ್ಲಿ ಭಾರತದಲ್ಲಿ ಹೊಸದಾಗಿ ಪತ್ತೆಯಾದ ಕ್ಯಾನ್ಸರ್ 14.1 ಲಕ್ಷ, ಸತ್ತವರು 9.2 ಲಕ್ಷ. ಗಂಡಸರಲ್ಲಿ ಮೊದಲ ಸ್ಥಾನ ಬಾಯಿ ಮತ್ತು ತುಟಿಯ ಕ್ಯಾನ್ಸರ್‌ಗೆ, ಗುಟ್ಕಾ ತಂಬಾಕಿನ ದೆಸೆಯಿಂದ. ಹೊಟ್ಟೆಯೊಳಗಿನ ಗಡ್ಡೆ ಮೂವತ್ತು ಮೆಟ್ಟಿಲು ದಾಟಿದರೂ ಕಾಣದಿರಬಹುದು, ಆದರೆ ಬಾಯಿಯನ್ನು ಕನ್ನಡಿ ಹಿಡಿದು ನೋಡಬಹುದು. ಮೂರು ವಾರವಾದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಒಂದಿದ್ದರೂ ಹಾನಗಲ್‌ನ ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಇದೆ. ಸುಗ್ಗಿ ಮುಗಿಯಲಿ ಎಂದು ಕಾಯಬೇಡಿ.