ಪ್ರತಿಗಳಿದ್ದರೆ ಸಾಲದು

ಒಂದು ಗಣಕಯಂತ್ರವು ಒಂದು ವರ್ಷದಲ್ಲಿ ಕೆಡುವ ಸಂಭವ ನೂರರಲ್ಲಿ ಒಂದು ಎಂದಿಟ್ಟುಕೊಳ್ಳೋಣ. ಅದರಲ್ಲಿರುವ ದಾಖಲೆಗಳ ಪ್ರತಿಯನ್ನು ಅಂಥದೇ ಇನ್ನೊಂದು ಯಂತ್ರದಲ್ಲಿಟ್ಟರೆ, ಆ ವರ್ಷದಲ್ಲಿ ಎರಡೂ ಕೆಡುವ ಸಂಭವ 10,000ದಲ್ಲಿ ಒಂದಕ್ಕೆ ಇಳಿಯುವುದು. ಆದರೆ ಈ ಗುಣಾಕಾರಕ್ಕೆ ಒಂದು ನಿಬಂಧನೆಯುಂಟು: ಒಂದಕ್ಕೆ ಬಂದ ಕೇಡು ಇನ್ನೊಂದನ್ನು ತಟ್ಟಬಾರದು. ಈ ನಿಬಂಧನೆ ತಪ್ಪಿದಲ್ಲಿ ನೂರು ಪ್ರತಿಗಳೂ ಒಂದೇ ಪ್ರತಿಗೆ ಸಮ.

ಡೆನ್ಮಾರ್ಕಿನ ಮೇರ್ಸ್ಕ್ ಹಡಗು ಸಂಸ್ಥೆಗೆ ಇದು 2017ನೆಯ ಜೂನ್ 27ರಂದು ಮನವರಿಕೆಯಾಯಿತು. ‘ನಾಟ್‌ಪೆಟ್ಯಾ’ ಎಂಬ ವಿನಾಶಕ ತಂತ್ರಾಂಶವು ಯುಕ್ರೇನಿನಿಂದ ಹರಡಿ ಸಂಸ್ಥೆಯ ಜಾಲವನ್ನು ಹೊಕ್ಕಿತು. ಜಾಲವನ್ನು ಬಳಸುವವರು ಯಾರು, ಅವರಿಗೆ ಯಾವ ಅಧಿಕಾರವುಂಟು ಎಂಬ ದಾಖಲೆಯನ್ನು ಸುಮಾರು 150 ಯಂತ್ರಗಳು ಪರಸ್ಪರ ಪ್ರತಿಮಾಡಿಕೊಂಡಿದ್ದುವು. ಒಂದು ಕೆಟ್ಟರೆ ಉಳಿದವು ಇವೆಯೆಂಬ ಧೈರ್ಯ! ಆದರೆ ಎಲ್ಲವೂ ಒಂದೇ ಜಾಲದಲ್ಲಿದ್ದುದರಿಂದ ಒಟ್ಟಿಗೆ ಹಾಳಾದುವು. ಘಾನಾ ದೇಶದಲ್ಲಿದ್ದ ಒಂದು ಮಾತ್ರ ಉಳಿಯಿತು. ಅಲ್ಲಿ ವಿದ್ಯುತ್ತು ನಿಂತು ಅದು ಜಾಲದಿಂದ ಬೇರ್ಪಟ್ಟಿತ್ತು. ಅದರಲ್ಲಿದ್ದ ದಾಖಲೆಯೇ ಪುನರುದ್ಧಾರಕ್ಕೆ ತಳಹದಿಯಾಯಿತು. ಹತ್ತು ದಿನಗಳಲ್ಲಿ 4,000 ಸರ್ವರುಗಳನ್ನೂ 45,000 ಗಣಕಯಂತ್ರಗಳನ್ನೂ ಹೊಸದಾಗಿ ಅಣಿಗೊಳಿಸಬೇಕಾಯಿತು. ನಷ್ಟ 25ರಿಂದ 30 ಕೋಟಿ ಡಾಲರುಗಳೆಂದು ಸಂಸ್ಥೆಯೇ ಅಂದಾಜುಮಾಡಿತು.

ಆದುದರಿಂದ ಮೂರು ಪ್ರತಿಗಳಿರಬೇಕು. ಅವು ಎರಡು ಬಗೆಯ ಸಾಧನಗಳಲ್ಲಿರಬೇಕು. ಒಂದಾದರೂ ದೂರದ ಸ್ಥಳದಲ್ಲಿ, ಜಾಲದ ಸಂಪರ್ಕವಿಲ್ಲದೆ ಇರಬೇಕು. ಅದರಿಂದ ದಾಖಲೆಗಳು ನಿಜವಾಗಿಯೂ ಮರಳಿ ದೊರೆಯುವುವೇ ಎಂಬುದನ್ನು ಆಗಾಗ ಪರೀಕ್ಷಿಸಿ ನೋಡತಕ್ಕದ್ದು. ಘಾನಾದಲ್ಲಿ ಆಕಸ್ಮಿಕವಾಗಿ ಒದಗಿದ ಬೇರ್ಪಾಡನ್ನು ಬುದ್ಧಿಪೂರ್ವಕವಾಗಿ ಏರ್ಪಡಿಸಿಕೊಳ್ಳುವುದೇ ಆಪತ್ಕಾಲದ ಯೋಜನೆಯ ತಿರುಳು.