ಎರಡು ನಿಮಿಷದ ಓಟ, ಅರ್ಧ ಗಂಟೆಯ ಜುಲೆಪ್

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಮೇ ತಿಂಗಳ ಮೊದಲ ಶನಿವಾರ ಎಂದರೆ ಡರ್ಬಿ. 1875ರಲ್ಲಿ ಶುರುವಾದ ಈ ಕುದುರೆ ರೇಸು ಈಗ ಒಂದೂಕಾಲು ಮೈಲಿಯದು. ಎರಡು ನಿಮಿಷದ ಆಸುಪಾಸಿನಲ್ಲಿ ಮುಗಿದೇಹೋಗುತ್ತದೆ. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕುದುರೆ ಅದಕ್ಕೂ ಕಡಿಮೆ ಹೊತ್ತಿನಲ್ಲಿ ಗುರಿ ಮುಟ್ಟಿ ಬರೆದ ದಾಖಲೆಯನ್ನು ಇವತ್ತಿಗೂ ಯಾವ ಕುದುರೆಯೂ ಮುರಿದಿಲ್ಲ. ರೇಸಿಗೆ ಮೊದಲೂ ಆಮೇಲೂ ಅಗಲ ಟೋಪಿಯ ಜನರ ಕೈಯಲ್ಲಿರುವುದು ಮಿಂಟ್ ಜುಲೆಪ್. ಬರ್ಬನ್ ವಿಸ್ಕಿ, ಸಕ್ಕರೆ, ಪುದೀನ, ಪುಡಿ ಐಸ್: ನಾಲ್ಕೇ ಸಾಮಾನು.

ಡರ್ಬಿ ನಡೆಯುವ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ಹಿಂದಿನ ದಿನವೂ ಸೇರಿ ಎರಡು ದಿನಕ್ಕೆ ಲಕ್ಷಕ್ಕೂ ಮಿಕ್ಕಿ ಜುಲೆಪ್ ಖರ್ಚಾಗುತ್ತದೆ. ಅಷ್ಟು ಜನಕ್ಕೆ ಕೊಡುವಾಗ ಮೊದಲೇ ಬೆರೆಸಿಟ್ಟ ಬಾಟಲಿಯಿಂದ ಸುರಿಯದೆ ವಿಧಿಯಿಲ್ಲ. ಅದನ್ನು ಕುಡಿದು ‘ಬರೀ ಸಿಹಿ’ ಎಂದು ಮೂಗು ಮುರಿದವರಿಗೆ ಜುಲೆಪ್ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ವಾದ. ಇದು ಒಂದೊಂದೇ ಲೋಟವಾಗಿ, ಕೈಯಾರೆ ಮಾಡಬೇಕಾದ ಪಾನೀಯ.

ಎಲ್ಲಕ್ಕಿಂತ ಮುಖ್ಯ ಐಸು. ದಪ್ಪ ಬಟ್ಟೆಯ ಚೀಲದಲ್ಲಿ ಐಸ್ ಹಾಕಿ ಮರದ ಕೊಡತಿಯಿಂದ ಕುಟ್ಟಬೇಕು. ಕರಗಿದ ನೀರನ್ನು ಬಟ್ಟೆ ಹೀರುವುದರಿಂದ ಪುಡಿ ಒಣಗಿಯೇ ಇರುತ್ತದೆ. ಬೆಳ್ಳಿಯ ಅಥವಾ ಸ್ಟೀಲಿನ ಲೋಟದಲ್ಲಿ ಎಂಟು ಹತ್ತು ಪುದೀನ ಎಲೆ, 10ರಿಂದ 15 ಮಿ.ಲೀ. ಸಕ್ಕರೆ ಪಾಕ ಹಾಕಿ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ. ಚಟ್ನಿಗೆ ಅರೆದಂತೆ ಅರೆದರೆ ಕಹಿ ಬಿಡುತ್ತದೆ. ಘಮವೆಲ್ಲ ಎಲೆಯ ಮೇಲ್ಮೈಯಲ್ಲೇ ಇದೆ. ಮೇಲೆ 60 ಮಿ.ಲೀ. ಬರ್ಬನ್. ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳದಿಂದ ಮಾಡಿ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯಲ್ಲಿ ಇಟ್ಟ ವಿಸ್ಕಿ ಇದು. ಐಸು ಕರಗಿ ತೆಳುವಾಗುವುದರಿಂದ ಮದ್ಯಸಾರ ಶೇ 45–50ರಷ್ಟಿದ್ದರೆ ಒಳ್ಳೆಯದು.

ಈಗ ಅರ್ಧ ಲೋಟ ಐಸ್ ಸುರಿದು ಕಲಕಿ. ಮದ್ಯ ಬೆರೆತಾಗ ಐಸಿನ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುತ್ತದೆ, ಲೋಹ ಆ ತಂಪನ್ನು ತಡವಿಲ್ಲದೆ ಹೊರಕ್ಕೆ ತರುತ್ತದೆ. ನೋಡುತ್ತಿದ್ದಂತೆ ಲೋಟದ ಹೊಳಪು ಮಾಸಿ, ಬುಡದಿಂದ ಬಿಳಿ ಹಿಮದ ಪೊರೆ ಹತ್ತುತ್ತದೆ. ಹಿಡಿಯುವುದಿದ್ದರೆ ಅಂಚನ್ನೇ ಹಿಡಿಯಿರಿ, ಬೆರಳು ತಗುಲಿದಲ್ಲಿ ಪೊರೆ ಅಳಿಸುತ್ತದೆ. ಇನ್ನಷ್ಟು ಐಸನ್ನು ಗೋಪುರವಾಗಿ ಪೇರಿಸಿ, ಪುದೀನದ ಕುಡಿಯನ್ನು ಅಂಗೈಗಳ ನಡುವೆ ಒಮ್ಮೆ ತಟ್ಟಿ ಸಿಗಿಸಿ. ಸ್ಟ್ರಾ ಗಿಡ್ಡವಾಗಿರಲಿ, ಹೀರುವಾಗ ಮೂಗು ಪುದೀನದಲ್ಲೇ ಇರಬೇಕು.

ಐಸು ಒಂದು ಕಾಲಕ್ಕೆ ಸಿರಿವಂತರ ಸೊತ್ತು. ಅಮೆರಿಕದ ಉತ್ತರದ ಕೆರೆಗಳಲ್ಲಿ ಚಳಿಗಾಲದಲ್ಲಿ ಕೊಯ್ದು, ಮರದ ಹೊಟ್ಟಿನಲ್ಲಿ ಮುಚ್ಚಿ ಹಡಗಿನಲ್ಲಿ ದಕ್ಷಿಣಕ್ಕೆ ಸಾಗಿಸುತ್ತಿದ್ದರು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1833ರಲ್ಲಿ ಕಲ್ಕತ್ತೆಗೂ ಕಳಿಸಿದ. ಚೆನ್ನೈ ಮರೀನಾದ ಇಂದಿನ ವಿವೇಕಾನಂದರ್ ಇಲ್ಲಂ ಹಿಂದೆ ಅವನ ಐಸಿನ ಉಗ್ರಾಣವಾಗಿತ್ತು.

ಹೀಗೆ ತಂದ ಐಸಿನ ಜುಲೆಪ್ ಕುಡಿದ ಸಿರಿವಂತರ ಹೆಸರುಗಳನ್ನು ಚರಿತ್ರೆ ಧಾರಾಳವಾಗಿ ಉಳಿಸಿಕೊಂಡಿದೆ. ಮಾಡಿದವರ ಹೆಸರನ್ನು ನಾವು ಹುಡುಕಿ ಹೇಳಬೇಕು. ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಗುಲಾಮನಾಗಿದ್ದ ಜಾನ್ ಡ್ಯಾಬ್ನಿ ಜುಲೆಪ್‌ಗೇ ಊರೆಲ್ಲ ಹೆಸರಾಗಿದ್ದ. ತನ್ನ ದುಡಿಮೆಯ ಹಣದಿಂದ ಹೆಂಡತಿಯನ್ನು ಬಿಡಿಸಿಕೊಂಡ. ಲೂಯಿವಿಲ್‌ನಲ್ಲೇ ಹುಟ್ಟಿದ ಕಪ್ಪು ಬಾರ್‌ಟೆಂಡರ್ ಟಾಮ್ ಬುಲಕ್ ಸೇಂಟ್ ಲೂಯಿಯ ಕ್ಲಬ್ಬಿನಲ್ಲಿ ಕೆಲಸ ಮಾಡುತ್ತಿದ್ದ. ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ತನ್ನನ್ನು ಕುಡುಕ ಎಂದ ಸಂಪಾದಕನ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿ, 1913ರ ವಿಚಾರಣೆಯಲ್ಲಿ ಆ ಕ್ಲಬ್ಬಿನ ಜುಲೆಪ್ ಅನ್ನು ಒಂದೆರಡು ಗುಟುಕು ಮಾತ್ರ ಕುಡಿದೆ ಎಂದು ಸಾಕ್ಷಿ ಹೇಳಿದ. ಬುಲಕ್ ಮಾಡಿಕೊಟ್ಟದ್ದನ್ನು ಅರ್ಧಕ್ಕೇ ಬಿಟ್ಟವರುಂಟೇ ಎಂದು ಊರ ಪತ್ರಿಕೆ ಕೇಳಿತು.

1917ರಲ್ಲಿ ಬುಲಕ್ ತನ್ನ ವಿದ್ಯೆಯನ್ನು ‘ದಿ ಐಡಿಯಲ್ ಬಾರ್‌ಟೆಂಡರ್’ ಎಂಬ ಪುಸ್ತಕದಲ್ಲಿ ಬರೆದಿಟ್ಟ. ಅದರ ಕೆಂಟಕಿ ಜುಲೆಪ್‌ನಲ್ಲಿ ಪುದೀನವನ್ನು ಒತ್ತುವುದೂ ಇಲ್ಲ. ಸಕ್ಕರೆ ಕರಗಿಸಿ, ಐಸ್ ತುಂಬಿ, ಹಳೆಯ ಬರ್ಬನ್ ಸುರಿದು ಕಲಕಿದ ಮೇಲೆ ಪುದೀನದ ಗೊಂಚಲು ಇಡುತ್ತಾನೆ, ಎಲೆ ಜಜ್ಜಿಹೋಗದಂತೆ ಎಚ್ಚರಿಸುತ್ತಾನೆ. ನಾನು ಹೇಳಿದ ಕ್ರಮವನ್ನು ಮೊದಲು ಮಾಡಿ, ಮುಂದಿನ ಲೋಟವನ್ನು ಬುಲಕ್ ಹೇಳಿದ ಹಾಗೆ ಮಾಡಿ ನೋಡಿ. ನನಗೆ ಅವನದೇ ಹೆಚ್ಚು ಇಷ್ಟ.